ಮೂಲೆಯ ಅಪ್ಪಣೆ

ಟಿಣ್.

ನೀಲಾಂಬಿಕಾ ಕತ್ತಲಲ್ಲಿ ಕಣ್ಣು ಬಿಟ್ಟಳು. ತಾಟಿನ ಅಂಚಿಗೆ ಚಮಚ ತಾಗಿದಷ್ಟು ಸಣ್ಣ ಸದ್ದು. ಅಡುಗೆಮನೆಯಿಂದ ಬಂದದ್ದಲ್ಲ, ಪಡಸಾಲೆಯಿಂದ. ಪಕ್ಕದಲ್ಲಿ ಗಂಡ ಚನ್ನೇಶ ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದ. ಅಕ್ಕಿ ಗಿರಣಿಯಲ್ಲಿ ಮ್ಯಾನೇಜರನಾಗಿ ದಿನವಿಡೀ ಯಂತ್ರಗಳ ಗದ್ದಲದಲ್ಲಿ ಕೂತು ಬರುವ ಅವನ ಕಿವಿಗೆ ಸಣ್ಣ ಸದ್ದುಗಳು ತಾಗುವುದೇ ನಿಂತುಹೋಗಿತ್ತು. ಅವನ ಪಾಲಿನವನ್ನೂ ಇವಳೇ ಕೇಳಿಸಿಕೊಳ್ಳಬೇಕಾಗಿತ್ತು.

ಎದ್ದು ಹೋಗಿ ನೋಡಿದಳು. ಪಡಸಾಲೆಯಲ್ಲಿ ಕಂಪ್ಯೂಟರು ಬೆಳಗುತ್ತಿತ್ತು. ಪರದೆಯ ತುಂಬ ಮನೆದೇವರು ವೀರಭದ್ರ, ಕೈಯಲ್ಲಿ ಖಡ್ಗ. ಕೆಳಗೆ ಬಲಮೂಲೆಯಲ್ಲಿ, ದೇವರ ಪಾದಕ್ಕೆ ಹತ್ತಿಕೊಂಡೇ, ಒಂದು ಸಣ್ಣ ಚೌಕದೊಳಗೆ ತುಟಿಗೆ ಕೆಂಪು ಬಳಿದುಕೊಂಡ ಹೆಂಗಸೊಬ್ಬಳು ಕಣ್ಣು ಹೊಡೆಯುತ್ತಿದ್ದಳು. ನಿಮ್ಮ ಊರಿನ ಒಂಟಿ ಹೆಂಗಸರು ನಿಮಗಾಗಿ ಕಾಯುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಅಕ್ಕಿಆಲೂರಿನಲ್ಲಿ ಈ ಹೊತ್ತಿನಲ್ಲಿ ಕಾಯುತ್ತಿರುವ ಹೆಂಗಸು ತಾನೊಬ್ಬಳೇ ಇರಬೇಕು ಅಂದುಕೊಂಡಳು ನೀಲಾಂಬಿಕಾ. ಅವಳು ಕಾಯುತ್ತಿದ್ದುದು ಮಾವನ ಬಾಯಿಂದ ಬರಬೇಕಾದ ಒಂದು ‘ಹೂಂ’ಗೆ. ಶಿಗ್ಗಾಂವದ ಕಾಲೇಜಿನಲ್ಲಿ ಇತಿಹಾಸ ಕಲಿಸಲು ಅವಳನ್ನು ಕರೆದಿದ್ದರು. ಬುಧವಾರ ಹಾಜರಾಗದಿದ್ದರೆ ಆ ಜಾಗ ಬೇರೆಯವರಿಗೆ. ಮಾವ ಕುಬೇರಪ್ಪ ಬೇಡ ಅಂದಿರಲಿಲ್ಲ, ಆಗಲಿ ಅಂದಿರಲೂ ಇಲ್ಲ. “ಎರಡು ಬಸ್ಸು. ಹಾನಗಲ್ಲಿನ್ಯಾಗ ಇಳೀಬೇಕು, ಮತ್ತ ಹತ್ತಬೇಕು. ನೋಡೂಣು” ಅಂದಿದ್ದರು. ಚನ್ನೇಶನನ್ನು ಕೇಳಿದರೆ “ಅಪ್ಪ ಹೂಂ ಅಂದ್ರ ನಂದೇನೈತಿ” ಅನ್ನುತ್ತಿದ್ದ. ಅತ್ತೆ ಸಿದ್ದವ್ವ ಏನೂ ಅಂದಿರಲಿಲ್ಲ. ಅವರು ಏನೂ ಅನ್ನದಿದ್ದಾಗಲೇ ನೀಲಾಂಬಿಕಾಗೆ ಹೆಚ್ಚು ಭಯ.

ಈಗ ಈ ಹೆಂಗಸು ಬೇರೆ. ಬೆಳಗಾಗಿ ಮಾವ ಕನ್ನಡಕ ಹಾಕಿಕೊಂಡು ಇದನ್ನು ಕಂಡರೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಕಂಪ್ಯೂಟರು ಮುಟ್ಟುವ ಕಲಿತ ಹೆಣ್ಣು ಒಬ್ಬಳೇ, ಅಪವಾದವೂ ಅವಳ ಮೇಲೆಯೇ. ಅವಳು ಕಾಟಿನ ಗುರುತು ಒತ್ತಿ ಚೌಕವನ್ನು ಮುಚ್ಚಿದಳು. ಟಿಣ್. ಇನ್ನೊಂದು ಬಂತು: ನೀವು ಕಾರು ಗೆದ್ದಿದ್ದೀರಿ. ಅದನ್ನೂ ಮುಚ್ಚಿದಳು. ಟಿಣ್. ನಿಮ್ಮ ಕಂಪ್ಯೂಟರಿಗೆ ವೈರಸ್ಸು ಬಡಿದಿದೆ. ಗಾಬರಿಯಲ್ಲಿ ಹಗ್ಗದ ಮೇಲಿದ್ದ ಟವೆಲು ಎಳೆದು ಪರದೆಯ ಮೇಲೆ ಹೊದಿಸಿದಳು. ಹೊದಿಸಿದ ಮೇಲೆ, ಒಳಗೆ ವೀರಭದ್ರ ಇದ್ದಾನೆ, ಟವೆಲು ಚನ್ನೇಶನದು ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡು ತೆಗೆದಳು. ಆರಿಸುವಂತೆಯೂ ಇರಲಿಲ್ಲ. ದೇವರಿರುವ ಪರದೆಯನ್ನು ಆರಿಸಬಾರದು ಎಂದು ಮಾವನ ಕಟ್ಟಪ್ಪಣೆ.

ಮರುದಿನ ರವಿವಾರ. ಅತ್ತೆ-ಮಾವ ಹಾನಗಲ್ಲಿಗೆ ಮದುವೆಗೆ ಹೋದರು, ಚನ್ನೇಶ ಗಿರಣಿಗೆ ಹೋದ. ನೀಲಾಂಬಿಕಾ ಬಾಗಿಲು ಮುಂದೆ ಮಾಡಿ, ಸವಣೂರಿನ ತಹಮೀನಾಗೆ ಫೋನು ಹಚ್ಚಿದಳು. ತಹಮೀನಾ ಕಾಲೇಜಿನ ಗೆಳತಿ. ಈಗ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿಟ್ಟುಕೊಂಡು ಕನ್ನಡ, ಉರ್ದು ಎರಡರಲ್ಲೂ ಲಗ್ನಪತ್ರಿಕೆ ಮಾಡಿಕೊಡುತ್ತಾಳೆ.

“ಇವು ಕರೀದ ಬರೂ ಮಂದಿ ಅಲ್ಲಲೇ ನೀಲಾ” ಅಂದಳು ತಹಮೀನಾ. “ನಿಮ್ಮ ಮನ್ಯಾಗ ಯಾರೋ ಬಾಗಿಲದಾಗ ನಿಂತು ಬರ್ರಿ ಬರ್ರಿ ಅಂದಾರ. ಬ್ರೌಸರಿನ ಸೆಟ್ಟಿಂಗ್ಸಿನ್ಯಾಗ ನೋಟಿಫಿಕೇಶನ್ ಅಂತೈತಲ್ಲ, ತಗದು ನೋಡು.”

ತೆಗೆದಳು. ಅನುಮತಿ ಪಡೆದವರ ಹೆಸರುಗಳು ಪರದೆಯ ಕೆಳಗಿನವರೆಗೂ ಇಳಿದು ಅಲ್ಲಿಂದಾಚೆಗೂ ಹೋಗಿದ್ದವು.

“ಯಪ್ಪಾ, ಇಷ್ಟು ಮಂದಿಗೆ ಯಾರು ಹೂಂ ಅಂದ್ರು?”

“ನಿನಗೊಬ್ಬಾಕಿಗೆ ಹೂಂ ಅನ್ನದವರ ಅಂದಿರಬೇಕು ನೋಡು.”

ತಹಮೀನಾ ತಮಾಷೆಗೆ ಅಂದದ್ದು. ಆದರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡ ಪ್ರೋಗ್ರಾಮುಗಳ ಪಟ್ಟಿ ತೆಗೆದು ನೋಡಿದಾಗ ಅದೇ ನಿಜವಾಯಿತು. ಎಲ್ಲಕ್ಕೂ ಮೊದಲು ಬಂದದ್ದು ‘ಉಚಿತ ಪಂಚಾಂಗ’. ದೀಪಾವಳಿಯ ಹೊತ್ತಿಗೆ ಮಾವ ಹುಡುಕಿ ಹಾಕಿಕೊಂಡದ್ದು. ತಿಥಿ, ನಕ್ಷತ್ರದ ಜೊತೆ ಪರದೆಗೆ ದೇವರ ಚಿತ್ರವನ್ನೂ ಕೊಟ್ಟಿತ್ತು. ಅದರ ಸೆರಗು ಹಿಡಿದುಕೊಂಡು ಅದೇ ದಿನ ನಾಲ್ಕಾರು ನೆಂಟರೂ ಒಳಗೆ ಬಂದಿದ್ದರು: ವೇಗ ಹೆಚ್ಚಿಸುವವನು ಒಬ್ಬ, ರಿಯಾಯಿತಿ ಹುಡುಕಿಕೊಡುವವನು ಒಬ್ಬ, ಹೆಸರೇ ಇಲ್ಲದವನು ಇನ್ನೊಬ್ಬ. ಮನೆಗೆ ಬಂದವರು ಏನು ಕೇಳಿದರೂ ಇಲ್ಲ ಅನ್ನದಿರುವುದು ಕುಬೇರಪ್ಪನವರ ದೊಡ್ಡಸ್ತಿಕೆ. ಯಂತ್ರ ‘ಒಪ್ಪಿಗೆಯೇ?’ ಎಂದು ಕೇಳಿದಾಗಲೆಲ್ಲ ಅದೇ ದೊಡ್ಡಸ್ತಿಕೆಯಿಂದ ಒಪ್ಪಿಗೆ ಒತ್ತಿದ್ದರು.

ಗೆಳತಿ ಹೇಳಿದಂತೆ ಒಂದೊಂದನ್ನೇ ತೆಗೆದುಹಾಕಿದಳು. ಒಂದು ಅಳುಮುಖ ತೋರಿಸಿ, ನಿಜವಾಗಿಯೂ ನಮ್ಮನ್ನು ಕಳಿಸುತ್ತೀರಾ ಎಂದು ಕೇಳಿತು. ‘ಇರಲಿ’ ಎಂಬ ಗುಂಡಿ ದೊಡ್ಡದು, ಹಸಿರು. ‘ಹೋಗಲಿ’ ಎಂಬುದು ಇರುವೆಯಷ್ಟು ಸಣ್ಣದು. ನೀಲಾಂಬಿಕಾ ಕಣ್ಣು ಕಿರಿದು ಮಾಡಿ ಇರುವೆಯನ್ನೇ ಒತ್ತಿದಳು. ಬ್ರೌಸರಿಗೆ ಅಂಟಿಕೊಂಡಿದ್ದ ಚೂರುಪಾರು ಕಿತ್ತಳು, ವೈರಸ್ಸು ಹುಡುಕುವ ಕೆಲಸಕ್ಕೆ ಹಚ್ಚಿದಳು, ಆರಿಸಿ ಮತ್ತೆ ಹೊತ್ತಿಸಿದಳು. ಪರದೆ ತಿಳಿನೀಲಿಯಾಗಿ ಸುಮ್ಮನಿತ್ತು. ಒಂದು ತಾಸು ಎದುರಿಗೇ ಕೂತು ಅವರೆಕಾಯಿ ಸುಲಿದಳು. ಟಿಣ್ ಅನ್ನಲಿಲ್ಲ.

ಸಂಜೆ ಕುಬೇರಪ್ಪ ಮದುವೆಯ ರುಮಾಲು ಬಿಚ್ಚುತ್ತ ಒಳಗೆ ಬಂದವರು ಅಲ್ಲೇ ನಿಂತರು.

“ದೇವರು ಎಲ್ಲಿ?”

“ಸ್ವಚ್ಛ ಮಾಡೇನ್ರಿ ಮಾವಾ.”

“ದೇವರನ್ನ?”

“ಅಲ್ರಿ, ಕಂಪ್ಯೂಟರ. ಜಾಹೀರಾತಿನ ಹೊಲಸು ಬಾಳ ಸೇರಿತ್ರಿ ಅದ್ರಾಗ. ಟಿಣ್ ಟಿಣ್ ಅಂತಿತ್ತಲ್ರಿ, ಅದು.”

“ಟಿಣ್ ಅನ್ನೂದನ್ನೂ ತಗದಿ?” ಕುಬೇರಪ್ಪ ಹೆಂಡತಿಯ ಕಡೆ ತಿರುಗಿದರು. “ಕೇಳಿದಿ ಏನ? ನಾಳೆ ಸೋಮವಾರ. ಇಕಿ ನೌಕರೀದು ಅಪ್ಪಣೆ ಕೇಳಬೇಕಂತ ಮಾಡಿದ್ವಿ. ಈಗ ಯಾರನ್ನ ಕೇಳೂದು, ಮೌಸನ್ನ?”

ಸಿದ್ದವ್ವ ಖಾಲಿ ಪರದೆಯನ್ನು, ಮದುವೆಯಲ್ಲಿ ಊಟದ ಎಲೆ ಮುಗಿದಾಗ ನೋಡುವಂತೆ, ಒಂದು ಗಳಿಗೆ ನೋಡಿ ಒಳಗೆ ಹೋದರು.

ಆಮೇಲೆ ತಿಳಿದುಬಂದದ್ದು ಇಷ್ಟು. ಕಂಪ್ಯೂಟರಿನ ಮೇಜು ಇದ್ದದ್ದು ಗೋಡೆಯ ಗೂಡಿನಂಥ ದೇವರ ಮಾಡದ ಕೆಳಗೆ. ಮೊದಲು ಮನೆಯಲ್ಲಿ ಏನೇ ಆಗಬೇಕಿದ್ದರೂ ಮಾಡದಲ್ಲಿನ ದೇವರ ಮೇಲೆ ಹೂವಿಟ್ಟು ಅಪ್ಪಣೆ ಕೇಳುವ ಪದ್ಧತಿ. ಹೂವು ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಪಡಸಾಲೆಗೆ ಫ್ಯಾನು ಬಂದ ಮೇಲೆ ಹೂವು ಎಲ್ಲೆಂದರಲ್ಲಿ ಹಾರಿ, ದೇವರ ಮಾತಿಗೆ ಬೆಲೆ ಇಲ್ಲದಂತಾಗಿತ್ತು. ಅಷ್ಟರಲ್ಲಿ ಪಂಚಾಂಗದ ವೀರಭದ್ರ ಪರದೆಗೆ ಬಂದ. ಒಂದು ಸೋಮವಾರ ಸಿದ್ದವ್ವ ಕೈಮುಗಿದು ಏನೋ ಕೇಳಿದ್ದಕ್ಕೂ ಮೂಲೆಯಲ್ಲಿ ಟಿಣ್ ಎಂದು ಚೌಕ ಬಿದ್ದದ್ದಕ್ಕೂ ಸರಿಹೋಯಿತು. ಅಂದಿನಿಂದ ಪ್ರತಿ ಸೋಮವಾರ ಕಲಾಪ ಅಲ್ಲೇ. ಮನೆಯ ಪ್ರತಿಯೊಂದು ಸದ್ದೂ ತನ್ನ ಕಿವಿಗೆ ಬೀಳುತ್ತದೆ ಅಂದುಕೊಂಡಿದ್ದ ನೀಲಾಂಬಿಕಾ ಆ ಹೊತ್ತಿಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಿದ್ದಳು.

“ಸದ್ದ ಮತ್ತ ಬರೂಹಂಗ ಮಾಡ್ತೇನ್ರಿ ಮಾವಾ” ಅಂದಳು, ಮಾತು ಆರಿಸಿ ಆರಿಸಿ. “ಅದು ಬಲಮೂಲ್ಯಾಗ ಬರತೈತ್ರಿ. ಬಲಕ್ಕ ಬಂದ್ರ ಹೂಂ ಅಂತಲ್ರಿ?”

ಕುಬೇರಪ್ಪ ನಕ್ಕರು. “ಯಾರ ಬಲ ತಂಗಿ? ನಮ್ಮ ಬಲ ಅಲ್ಲ, ದೇವರ ಬಲ ನೋಡಬೇಕು. ಅಂವ ನಮ್ಮ ಕಡೆ ಮಾರಿ ಮಾಡಿ ನಿಂತಾನ. ನಮ್ಮ ಬಲ ಅಂದ್ರ ಅವನ ಎಡ. ಬ್ಯಾಡ ಅಂತ ಲೆಕ್ಕ.”

“ಹಂಗಾದ್ರ ಇಷ್ಟ ದಿನಾ…”

“ಒಮ್ಮೆನೂ ಹೂಂ ಅಂದಿಲ್ಲ ಪುಣ್ಯಾತ್ಮ! ಕೇಳಾಕಿ ನಿಮ್ಮ ಅತ್ತಿ. ಇವರು ಎಣ್ಣ್ಯಾಗ ಕರದ ಸವಣೂರ ಖಾರಾ ತಿನ್ನಬೇಕೇನಪಾ ಅಂತ ಕೇಳಿದ್ಲು. ಬ್ಯಾಡಂತ. ಹಿರೇಕೆರೂರಿಗೆ ಫಕ್ಕೀರೇಶನ ಮನೀಗೆ ಇಸ್ಪೀಟಿಗೆ ಹೋಗಬೇಕೇನಪಾ ಅಂದ್ಲು. ಬ್ಯಾಡಂತ. ಡಾಕ್ಟರನೂ ಇಷ್ಟು ಬ್ಯಾಡ ಅನ್ನಂಗಿಲ್ಲ.” ಆಮೇಲೆ ಅವರ ಮುಖ ಅರಳಿತು. “ಇರ್ಲಿ. ನಾಳೆ ನಿಂದೂ ಕೇಳಿಬಿಡೂಣು. ಅಂವ ಏನಂತಾನೋ ಅದ. ಸದ್ದ ಬರಲಿಲ್ಲಂದ್ರ ಮುಂದಿನ ಸೋಮವಾರ.”

ಮುಂದಿನ ಸೋಮವಾರವೆಂದರೆ ಬುಧವಾರ ದಾಟಿಹೋಗಿರುತ್ತದೆ. ಸದ್ದು ಬರದಿದ್ದರೆ ನೌಕರಿ ಇಲ್ಲ, ಬಂದರೆ ಬಲಮೂಲೆಯಲ್ಲಿ ಬಂದು ಬೇಡ ಅನ್ನುತ್ತದೆ. ನೀಲಾಂಬಿಕಾ ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಹಮೀನಾಗೆ ಎಲ್ಲ ಹೇಳಿದಳು. ಆ ಕಡೆ ನಗು ನಿಲ್ಲುವ ತನಕ ಕಾಯಬೇಕಾಯಿತು.

“ಅಂದ್ರ ನಿನಗ ಎಡಮೂಲ್ಯಾಗ ಟಿಣ್ ಅನ್ನಬೇಕು” ಅಂದಳು ತಹಮೀನಾ, ಮೂಗು ಒರೆಸಿಕೊಳ್ಳುತ್ತ. “ಅದಕ್ಯಾಕ ಅಳತೀ? ಕಂಪ್ಯೂಟರಿನ ಭಾಷಾ ಉರ್ದುಕ್ಕ ಹಾಕು.”

“ಏನು?”

“ಉರ್ದು ಬಲದಿಂದ ಎಡಕ್ಕ ಬರಿಯೂ ಭಾಷಾ. ಅದನ್ನ ಹಾಕಿದಿ ಅಂದ್ರ ಎಲ್ಲಾ ಕನ್ನಡಿಯೊಳಗ ನೋಡಿದಂಗ ಉಲ್ಟಾ ತಿರುಗತೈತಿ. ಬಲಮೂಲ್ಯಾಗ ಬರೂದು ಎಡಮೂಲ್ಯಾಗ ಬರತೈತಿ. ನಂದು ದಿನಾ ಹಂಗ ಐತಿ. ಆ ಜಾಹೀರಾತು ಮತ್ತ ಕರೀಬ್ಯಾಡ. ಕಂಪ್ಯೂಟರಿನ್ಯಾಗ ಚಾಟ್ ತಗದಿಡು, ನಿಮ್ಮ ಅತ್ತಿ ಕೇಳೂ ಹೊತ್ತಿಗೆ ನನಗೊಂದು ಮಿಸ್ ಕಾಲ್ ಕೊಡು. ನಾ ಸಂದೇಶ ಒಗಿತೇನಿ. ಟಿಣ್.”

“ಸುಳ್ಳು ಹೇಳಿದಂಗ ಆಗಂಗಿಲ್ಲೇನ?”

“ನೀ ಎಲ್ಲಿ ಹೇಳಾಕತ್ತೀ? ನಾ ‘ಸಲಾಮ್, ನಾಷ್ಟಾ ಆತೇನು’ ಅಂತ ಉರ್ದುದಾಗ ಬರೀತೇನಿ. ಅದ್ರಾಗ ಸುಳ್ಳೇನೈತಿ?”

ನೀಲಾಂಬಿಕಾ ಆ ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ತಿರುಗಿಸಿ ನೋಡಿದಳು. ಸುಳ್ಳು ಸಿಗಲಿಲ್ಲ.

ಊಟವಾದ ಮೇಲೆ, ಎಲ್ಲರೂ ಟೀವಿಯ ಮುಂದಿದ್ದಾಗ, ವೀರಭದ್ರನನ್ನು ಮತ್ತೆ ಪರದೆಗೆ ತಂದಳು. ಭಾಷೆ ಬದಲಿಸಿ, ಆರಿಸಿ ಹೊತ್ತಿಸಿದಳು. ಎಡಕ್ಕಿದ್ದ ಕಿಟಕಿಯ ಗುರುತು ಬಲಕ್ಕೆ ಬಂದಿತ್ತು, ಬಲಕ್ಕಿದ್ದ ಗಡಿಯಾರ ಎಡಕ್ಕೆ ಹೋಗಿತ್ತು. ಕುಪ್ಪಸವನ್ನು ಹಿಂದುಮುಂದಾಗಿ ತೊಟ್ಟಂತೆ ಕಾಣಿಸಿತು. ದೇವರು ಮಾತ್ರ ಇದ್ದಂತೆಯೇ ಇದ್ದ. ತಹಮೀನಾಗೆ ಒಂದು ಮಿಸ್ ಕಾಲ್ ಕೊಟ್ಟು ನೋಡಿದಳು. ಟಿಣ್. ಎಡಮೂಲೆ. ದೇವರ ಬಲ.

ಸೋಮವಾರ ಬೆಳಿಗ್ಗೆ ಸಿದ್ದವ್ವ ತಲೆಗೆ ನೀರು ಹಾಕಿಕೊಂಡು, ಹಣೆತುಂಬ ವಿಭೂತಿ ಧರಿಸಿ ಬಂದರು. ಮಾಡಕ್ಕೆ ಕರ್ಪೂರ ಬೆಳಗಿ, ಅದೇ ಕೈಯಲ್ಲಿ ಪರದೆಗೂ ಬೆಳಗಿದರು. ಕುಬೇರಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಚನ್ನೇಶ ಗಿರಣಿಗೆ ಹೊರಟವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತ. ನೀಲಾಂಬಿಕಾ ಕಂಬದ ಪಕ್ಕ, ಸೆರಗಿನ ಕೆಳಗೆ ಫೋನು ಹಿಡಿದು.

“ಯಪ್ಪಾ ವೀರಭದ್ರಾ” ಎಂದು ಸಿದ್ದವ್ವ ಕೈಮುಗಿದರು. “ನಮ್ಮ ಸೊಸಿ ನೀಲಾಂಬಿಕಾ…”

ನೀಲಾಂಬಿಕಾ ಗುಂಡಿ ಒತ್ತಿದಳು.

“…ಮನ್ಯಾಗ ಕುಂದ್ರಬೇಕೇನಪಾ?”

ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಇಷ್ಟು ದಿನ ಮೂಲೆ ಬೇಡ ಅಂದದ್ದೆಲ್ಲ ಅತ್ತೆಗೆ ಬೇಡವಾದದ್ದು. ಮೂಲೆಗೆ ಬರುವುದು ಬೇಡ ಎಂಬ ಒಂದೇ ಮಾತು ಎಂದು ತಿಳಿದುಕೊಂಡು, ಅತ್ತೆ ಪ್ರಶ್ನೆಯನ್ನು ಅದಕ್ಕೆ ತಕ್ಕಂತೆ ಹೊಲಿಯುತ್ತ ಬಂದಿದ್ದರು. ಇವತ್ತೂ ಬಲಮೂಲೆ ಬೇಡ ಅನ್ನುತ್ತದೆ, ಸೊಸೆ ಮನೆಯಲ್ಲಿ ಕೂಡಬಾರದು ಎಂದಾಗುತ್ತದೆ, ನೌಕರಿ ಕೈಗೆ ಬರುತ್ತದೆ. ಬರುತ್ತಿತ್ತು. ಸೆರಗಿನೊಳಗೆ ಫೋನಿನ ಕರೆ ಕಡಿಯಲು ಅವಳ ಹೆಬ್ಬೆರಳು ತಡಕಾಡಿತು.

ಟಿಣ್.

ಎಡಮೂಲೆಯಲ್ಲಿ ಚೌಕ ಬಿದ್ದಿತ್ತು. ತಹಮೀನಾ ನಾಷ್ಟಾದ ಬಗ್ಗೆ ವಿಚಾರಿಸಿದ್ದಳು.

ಕುಬೇರಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. “ಎಡಕ್ಕ ಬಂತು! ನಮ್ಮ ಎಡ, ಅವನ ಬಲ! ಹೂಂ ಅಂದಾ! ಇಷ್ಟ ದಿನಕ್ಕ ಒಮ್ಮೆ ಹೂಂ ಅಂದಾ ನೋಡ್ರಿ. ಮನ್ಯಾಗ ಕುಂದ್ರಲಿ ಅಂದಾ. ನಂದೇನಿಲ್ಲ ತಂಗಿ, ನೀನ ನೋಡಿದಿ.”

“ದೇವರ ಅಂದ ಮ್ಯಾಲೆ…” ಅಂದ ಚನ್ನೇಶ, ಗುಂಡಿಯನ್ನು ತಪ್ಪು ತೂತಿಗೆ ಹಾಕುತ್ತ.

ನೀಲಾಂಬಿಕಾ ಕಂಬ ಹಿಡಿದುಕೊಂಡಳು. ನಾನೇ ತಿರುಗಿಸಿದ್ದು ಎಂದು ಹೇಳಿಬಿಡೋಣವೇ ಎಂದು ಬಾಯಿ ತೆರೆದಳು. ಅದನ್ನು ಹೇಳಿದರೆ ಮುಂದೆ ಏನೇನು ಹೇಳಬೇಕಾಗುತ್ತದೆ ಎಂದು ನೆನೆದು ಮುಚ್ಚಿದಳು.

ಸಿದ್ದವ್ವ ಮುಗಿದ ಕೈ ಬಿಟ್ಟಿರಲಿಲ್ಲ. ಪರದೆಯನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದರು. ಆಮೇಲೆ ಸೊಸೆಯ ಸೆರಗನ್ನು ನೋಡಿದರು. ಸೆರಗಿನ ಒಳಗಿಂದ ಫೋನಿನ ಬೆಳಕು ಸಣ್ಣಗೆ ಕಾಣುತ್ತಿತ್ತು.

“ಕುಂದರ್ರಿ, ಅವಸರ ಮಾಡಬ್ಯಾಡ್ರಿ” ಅಂದರು ಗಂಡನಿಗೆ. “ಸರಿಯಾಗಿ ನೋಡ್ರಿ. ದಿನಾ ಈ ಗಡಿಯಾರ ಎಲ್ಲಿ ಇರತಿತ್ತು?”

“ಆ ಕಡೆ.”

“ಇವತ್ತು?”

ಕುಬೇರಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿದರು. “ಈ ಕಡೆ ಬಂದೈತೆಲ್ಲ?”

“ಕಿಟಕಿ ಗುರುತು ಈ ಕಡೆ ಇತ್ತು, ಆ ಕಡೆ ಹೋಗೈತಿ. ಅಂದ್ರೇನು? ದೇವರು ತಿರುಗಿ ನಿಂತಾನ. ಇಷ್ಟ ದಿನಾ ನಮ್ಮ ಎದುರು ನಿಂತು ಹೇಳತಿದ್ದಾ, ಇವತ್ತು ನಮ್ಮ ಮಗ್ಗಲಕ್ಕ ಬಂದು ನಿಂತಾನ. ಮಗ್ಗಲಕ್ಕ ನಿಂತವಗ ನಮ್ಮ ಎಡಾನ ಅವನ ಎಡಾ. ಬ್ಯಾಡ ಅಂದಾ. ಸೊಸಿ ಮನ್ಯಾಗ ಕುಂದ್ರೂದು ಬ್ಯಾಡ ಅಂದಾ.”

“ಮಾರಿ ಇನ್ನೂ ನಮ್ಮ ಕಡೆನ ಐತೆಲ್ಲ?”

“ಮಾರಿ ಫೋಟೋದ್ದು. ತಿರುಗಿದ್ದು ದೇವರು.”

ಕುಬೇರಪ್ಪ ಚಿತ್ರವನ್ನೂ ಗಡಿಯಾರವನ್ನೂ ಬದಲಿಸಿ ಬದಲಿಸಿ ನೋಡಿದರು. ಎಲ್ಲೋ ಏನೋ ತಪ್ಪಿದೆ ಎಂದು ಅವರಿಗೆ ಅನ್ನಿಸುತ್ತಿತ್ತು. ಆದರೆ ಗಡಿಯಾರ ಈ ಕಡೆ ಬಂದದ್ದು ಕಣ್ಣೆದುರಿಗೇ ಇತ್ತು. ಸೋಲುವ ಹೊತ್ತಿನಲ್ಲಿ ಏನಾದರೂ ಉಳಿಸಿಕೊಳ್ಳುವವರಂತೆ ಕೇಳಿದರು: “ಹಂಗಾದ್ರ ನನ್ನ ಖಾರಾ? ಅದೂ ತಿರುಗಬೇಕಲ್ಲ?”

“ಅದು ಎದುರು ನಿಂತಾಗ ಹೇಳಿದ್ದು. ಅದು ತಿರುಗಂಗಿಲ್ಲ.”

“ಎರಡು ಬಸ್ಸು…”

“ಇಳಿಯಾಕಿ ಹತ್ತಾಕಿ ಆಕಿ. ನಿಮಗ್ಯಾಕ ಕಾಲು ನೋವು?”

ಚನ್ನೇಶ ನಕ್ಕುಬಿಟ್ಟ. ಅಪ್ಪ ತನ್ನ ಕಡೆ ನೋಡಿದ್ದನ್ನು ಕಂಡು, “ದೇವರ ಅಂದ ಮ್ಯಾಲೆ” ಎಂದು ಮೊದಲಿನ ಮಾತನ್ನೇ ಮತ್ತೆ ಅಂದು, ತಪ್ಪು ಗುಂಡಿಯಲ್ಲೇ ಗಿರಣಿಗೆ ಹೋದ. ಕುಬೇರಪ್ಪ ರುಮಾಲು ಸುತ್ತಿಕೊಂಡರು. “ಬುಧವಾರ ಹಾನಗಲ್ಲಿನ ತನಕ ನಾನ ಬಂದು ಬಸ್ಸ ಹತ್ತಿಸ್ತೇನಿ” ಎಂದು ಗೋಡೆಗೆ ಹೇಳಿ ಹೊರಬಿದ್ದರು.

ಅಡುಗೆಮನೆಯಲ್ಲಿ ಸಿದ್ದವ್ವ ಕಟ್ಟಿಗೆಯ ಕೊಣಮಿಗೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದರು. ನೀಲಾಂಬಿಕಾ ಒಲೆಯ ಮೇಲೆ ಹಂಚು ಇಟ್ಟಳು.

“ನನಗ ಇಂಗ್ಲಿಷ ಬರಂಗಿಲ್ಲ” ಅಂದರು ಸಿದ್ದವ್ವ, ಹಿಟ್ಟಿನಿಂದ ಕಣ್ಣೆತ್ತದೆ. “ಆದ್ರ ಇವತ್ತ ಮೂಲ್ಯಾಗ ಬಂದದ್ದು ಇಂಗ್ಲಿಷ ಅಲ್ಲ ಅನ್ನೂದಂತೂ ಗೊತ್ತಾತು. ಸವಣೂರ ಮಸೀದಿ ಬಾಗಿಲ ಮ್ಯಾಲೆ ಹಂಗ ಬರದಿರತೈತಿ.”

ನೀಲಾಂಬಿಕಾಳ ಕೈಯಲ್ಲಿದ್ದ, ಹಂಚು ಒರೆಸುವ ನೀರಿನ ಬಟ್ಟೆ ಹಾಗೇ ನಿಂತಿತು. “ಅತ್ತೀ, ನಾ…”

“ಹೇಳಬ್ಯಾಡ. ಹೇಳಿದ್ರ ನಾ ಕೇಳಿಸಿಕೋಬೇಕಾಗತೈತಿ.” ಉಂಡೆ ಮಾಡಿ ಸೊಸೆಯ ಕಡೆ ಸರಿಸಿದರು. “ಇನ್ನೊಮ್ಮೆ ದೇವರನ್ನ ತಿರುಗಿಸೂದಿದ್ರ ನನಗ ಮೊದಲ ಹೇಳು. ಪ್ರಶ್ನೀನೂ ತಿರುಗಿಸ್ತೇನಿ.”

ಅಷ್ಟರಲ್ಲಿ ಸೆರಗಿನೊಳಗಿನ ಫೋನು ಗುಂಯ್‌ಗುಟ್ಟಿತು. ನೀಲಾಂಬಿಕಾ ಹಿತ್ತಲ ಬಾಗಿಲಿಗೆ ಹೋಗಿ ಎತ್ತಿದಳು.

“ಏನಾತಲೇ?” ತಹಮೀನಾಗೆ ತಡೆಯಲಾಗುತ್ತಿರಲಿಲ್ಲ. “ನಡೀತೋ ಇಲ್ಲೋ ನನ್ನ ಉಪಾಯ?”

ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ನಿನ್ನ ಉಪಾಯದಿಂದ ನೌಕರಿ ಹೋಗಿತ್ತು, ಹೋದದ್ದನ್ನು ಮರಳಿ ತಂದದ್ದು ಬೇರೆಯವರು ಎಂದು. ಹೇಳಿದರೆ ತಹಮೀನಾ ನಗುತ್ತಾಳೆ. ನಕ್ಕವಳು ಲಗ್ನಪತ್ರಿಕೆ ಮಾಡಿಸಲು ಬಂದವರಿಗೆ ಹೇಳದೆ ಇರುವುದಿಲ್ಲ. ಬರುವವರಲ್ಲಿ ಹಾನಗಲ್ಲಿನವರು ಇರುತ್ತಾರೆ, ಅಕ್ಕಿಆಲೂರಿನವರೂ ಇರುತ್ತಾರೆ. ಒಂದಲ್ಲ ಒಂದು ದಿನ ಮಾತು ಮಾವನ ಕಿವಿಗೆ ಬಂದು ಮುಟ್ಟುತ್ತದೆ. ಚನ್ನೇಶನಿಗೆ ಹೇಳಿದರೂ ಅಷ್ಟೇ. ಅವನು ಗಿರಣಿಯ ಗದ್ದಲದಲ್ಲಿ ಕೂಗಿಯೇ ಮಾತಾಡುವವನು. ಆಮೇಲೆ ಅತ್ತೆ ಯಾರನ್ನು ಏನೆಂದು ಕೇಳಬೇಕು? ಮಾವನ ಖಾರ, ಇಸ್ಪೀಟು ಎಲ್ಲ ಮತ್ತೆ ಎದ್ದು ಕೂಡುತ್ತವೆ.

“ಬುಧವಾರ ಹಾಜರಾಗ್ತೇನಿ” ಅಂದಳು, ಮಾತನ್ನು ತೂಗಿ. “ನಿನ್ನ ಸಂದೇಶ ಬಂತು. ನಾಷ್ಟಾ ಇನ್ನ ಆಗಿಲ್ಲ.”

ತಹಮೀನಾ ಆ ಕಡೆ ಗೆದ್ದವಳಂತೆ ಕಿರುಚಿಕೊಂಡಳು. ಗೆಳತಿಗೆ ಆ ಸಂತೋಷ ಇರಲಿ ಅಂದುಕೊಂಡಳು ನೀಲಾಂಬಿಕಾ. ಫೋನು ಇಟ್ಟು ಒಳಗೆ ಬಂದಾಗ ಅತ್ತೆ ಇನ್ನೊಂದು ಉಂಡೆ ಮಾಡುತ್ತಿದ್ದರು. ನೀಲಾಂಬಿಕಾ ಅವರ ಎದುರು ಕೂತು ಉಂಡೆಯನ್ನು ಹಿಟ್ಟಿನಲ್ಲಿ ಹೊರಳಿಸಿದಳು. ಈ ಮಾತನ್ನು ಯಾರಿಗೂ ಹೇಳುವುದಿಲ್ಲ, ಗೆಳತಿಗೂ ಇಲ್ಲ, ಗಂಡನಿಗೂ ಇಲ್ಲ ಎಂದು ನಿಶ್ಚಯಿಸಿ, ರೊಟ್ಟಿ ಬಡಿಯಲು ಶುರುಮಾಡಿದಳು.